ಭಾಷೆಯ ಜೊತೆಗೇ ಬರುವ ಲೈಬ್ರರಿಗಳ ಲೆಕ್ಕ ಇಡುವುದು ಹೇಗೆ

(ಪ್ರೋಗ್ರಾಮರ್‌ಗಳ ಒಂದು ಕೂಟದಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ತೆರೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ನಮಸ್ಕಾರ. ದೊಡ್ಡ ಪೀಠಿಕೆ ಬೇಡ, ನಡೆದ ಒಂದು ಸಂಗತಿಯಿಂದಲೇ ಶುರು ಮಾಡೋಣ.

2021ರ ಅಕ್ಟೋಬರ್‌ನಲ್ಲಿ ನೋಡ್ 17 ಬಂತು. ನೋಡ್ ಅಂದರೆ ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಂಡವರಲ್ಲಿ ಬಹಳ ಜನರಿಗೆ ಬಿಲ್ಡ್ ನಿಂತೇ ಹೋಯಿತು. ಅವರ ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ. ಹಾಕಿಕೊಂಡ ಪ್ಯಾಕೇಜ್‌ಗಳ ವರ್ಷನ್ ಬರೆದಿಡುವ ಲಾಕ್ ಫೈಲ್ ಇದ್ದ ಹಾಗೇ ಇತ್ತು, ಫೈಲ್‌ಗಳನ್ನು ಒಟ್ಟು ಮಾಡುವ ವೆಬ್‌ಪ್ಯಾಕ್ ಕೂಡ ಅದೇ. ಆದರೆ ಬಂದ ಎರರ್ ನೋಡಿದರೆ 'ಡಿಜಿಟಲ್ ಎನ್ವಲಪ್ ರೂಟೀನ್ಸ್, ಅನ್‌ಸಪೋರ್ಟೆಡ್' ಅಂತ ಏನೋ ಕ್ರಿಪ್ಟೋಗ್ರಫಿ ಮಾತು. ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಒಟ್ಟು ಮಾಡುವ ಕೆಲಸಕ್ಕೂ ಇದಕ್ಕೂ ಏನು ಸಂಬಂಧ, ಅಲ್ವಾ?

ಸಂಬಂಧ ಇತ್ತು. ವೆಬ್‌ಪ್ಯಾಕ್ ತನ್ನ ಮಾಡ್ಯೂಲ್‌ಗಳಿಗೆ ಗುರುತಿನ ಹೆಸರು ಕೊಡಲು ಹ್ಯಾಶ್, ಅಂದರೆ ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಚಿಕ್ಕ ಗುರುತು, ಬಳಸುತ್ತಿತ್ತು. ಅದಕ್ಕೆ ಆರಿಸಿಕೊಂಡಿದ್ದು ಎಂಡಿ4 ಅನ್ನುವ ಅಲ್ಗಾರಿದಮ್. ಎಂಡಿ4 ಭದ್ರತೆಗೆ ಎಂದೋ ಕೆಲಸಕ್ಕೆ ಬಾರದ್ದಾಗಿದೆ, ಆದರೆ ಇಲ್ಲಿ ಭದ್ರತೆಯ ಪ್ರಶ್ನೆಯೇ ಇರಲಿಲ್ಲ, ಬೇಗ ಒಂದು ಹೆಸರು ಸಿಕ್ಕರೆ ಸಾಕಿತ್ತು. ಆ ಹ್ಯಾಶ್ ಲೆಕ್ಕ ಹಾಕುವವರು ಯಾರು? ನೋಡ್‌ನ ಒಳಗೇ ಕೂತಿರುವ ಓಪನ್‌ಎಸ್‌ಎಸ್‌ಎಲ್ ಅನ್ನುವ ಕ್ರಿಪ್ಟೋಗ್ರಫಿ ಲೈಬ್ರರಿ. ನೋಡ್ 16ರಲ್ಲಿ ಅದು 1.1.1 ಸಾಲಿನದ್ದು, ನೋಡ್ 17ರಲ್ಲಿ 3.0. ಮೂರನೇ ಆವೃತ್ತಿಯವರು ಎಂಡಿ4ನಂಥ ಹಳೆಯ ಅಲ್ಗಾರಿದಮ್‌ಗಳನ್ನು 'ಲೆಗಸಿ' ಅಂತ ಬೇರೆ ಕಡೆ ಸರಿಸಿ, ಬೇಕಾದವರು ಕೇಳಿ ತಗೊಳ್ಳಿ ಅಂದರು. ವೆಬ್‌ಪ್ಯಾಕ್ ಕೇಳಿರಲಿಲ್ಲ. ಬಿಲ್ಡ್ ಬಿತ್ತು. ಆಮೇಲೆ ವೆಬ್‌ಪ್ಯಾಕ್‌ನವರು ಎಂಡಿ4 ಅನ್ನು ತಾವೇ ಬರೆದುಕೊಂಡು ಓಪನ್‌ಎಸ್‌ಎಸ್‌ಎಲ್ ಹಂಗಿನಿಂದ ಹೊರಬಂದರು. ಅಲ್ಲಿಯವರೆಗೆ ಜನ 'ಓಪನ್‌ಎಸ್‌ಎಸ್‌ಎಲ್ ಲೆಗಸಿ ಪ್ರೊವೈಡರ್' ಅನ್ನೋ ಒಂದು ಆಯ್ಕೆಯನ್ನು ಪರಿಸರ ವೇರಿಯಬಲ್‌ಗೆ ಅಂಟಿಸಿ ಕೆಲಸ ಸಾಗಿಸಿದರು. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಆ ಸಾಲು ಇವತ್ತಿಗೂ ಇದೆ, ಯಾಕಿದೆ ಅಂತ ಕೇಳಿದರೆ ಹೇಳುವವರಿಲ್ಲ.

ಇದರ ಮುಂದಿನ ಭಾಗ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ನೋಡ್ 16ರ ಬೆಂಬಲ 2024ರ ಏಪ್ರಿಲ್‌ವರೆಗೆ ಇರಬೇಕಿತ್ತು. ಆದರೆ ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತಿತ್ತು. ಮುಗಿದ ಮೇಲೆ ಅದರಲ್ಲಿ ಭದ್ರತೆಯ ತೂತು ಸಿಕ್ಕರೆ ಮುಚ್ಚುವವರು ಯಾರು? ಹಾಗಾಗಿ ನೋಡ್ ತಂಡ 16ರ ಕೊನೆಯ ದಿನವನ್ನೇ ಆ ತಾರೀಖಿಗೆ ಹಿಂದಕ್ಕೆ ತಂದಿತು. ಸುಮಾರು ಏಳು ತಿಂಗಳು ಕಡಿಮೆಯಾಯಿತು. ಅಂದರೆ ಒಳಗಿನ ಒಂದು ಲೈಬ್ರರಿಯ ಆಯಸ್ಸು ಇಡೀ ಭಾಷೆಯ ಆ ರಿಲೀಸಿನ ಆಯಸ್ಸನ್ನು ತೀರ್ಮಾನ ಮಾಡಿತು. ನೋಡ್ 16ರ ಒಳಗೆ ಯಾವ ಓಪನ್‌ಎಸ್‌ಎಸ್‌ಎಲ್ ಇದೆ ಅಂತ ಮೊದಲೇ ಬರೆದಿಟ್ಟುಕೊಂಡಿದ್ದವರಿಗೆ ಈ ಸುದ್ದಿ ದೊಡ್ಡ ಆಶ್ಚರ್ಯ ಆಗಿರಲಾರದು.

ಇವತ್ತು ನಾನು ಹೇಳಬೇಕಾಗಿರುವುದು ಇದನ್ನೇ. 'ನಾವು ನೋಡ್ 16 ಬಳಸ್ತೀವಿ', 'ನಾವು ಪೈಥಾನ್ 3.11ರಲ್ಲಿ ಇದ್ದೀವಿ' ಅಂತ ಹೇಳುವುದು ಅರ್ಧ ಮಾಹಿತಿ. ಆ ಒಂದು ನಂಬರಿನ ಹಿಂದೆ ಹತ್ತಾರು ಲೈಬ್ರರಿಗಳ ನಂಬರ್‌ಗಳಿವೆ. ಯಾವ ರಿಲೀಸಿನಲ್ಲಿ ಯಾವುದರ ಯಾವ ವರ್ಷನ್ ಬಂತು, ಯಾವಾಗ ಸೇರಿತು, ಯಾವಾಗ ಹೋಯಿತು ಅನ್ನುವ ಪಟ್ಟಿಯನ್ನು ಭಾಷೆ ಮಾಡುವವರೇ ರಿಲೀಸಿನ ಭಾಗವಾಗಿ ಕೊಡಬೇಕು, ಅದೂ ಯಂತ್ರ ಓದುವ ರೂಪದಲ್ಲಿ. ಕೊಡದಿದ್ದರೆ ಬಳಸುವ ನಾವು ಮಾಡಿಟ್ಟುಕೊಳ್ಳಬೇಕು.

ಒಳಗೇ ಬರುವುದು ಅಂದರೆ ಏನೇನು? ಕೆಲವು ಆ ಭಾಷೆಯಲ್ಲೇ ಬರೆದ ಲೈಬ್ರರಿಗಳು, ತಮ್ಮದೇ ವರ್ಷನ್ ನಂಬರ್ ಇಟ್ಟುಕೊಂಡು ಬೇರೆಯಾಗಿಯೂ ಬಿಡುಗಡೆ ಆಗುವಂಥವು. ಕೆಲವು ಸಿ ಭಾಷೆಯ ಸರಕು: ಓಪನ್‌ಎಸ್‌ಎಸ್‌ಎಲ್, ದತ್ತಾಂಶ ಕುಗ್ಗಿಸುವ ಜೆಡ್‌ಲಿಬ್, ಎಕ್ಸ್‌ಎಂಎಲ್ ಓದುವ ಎಕ್ಸ್‌ಪ್ಯಾಟ್, ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್. ಇನ್ನು ಪ್ಯಾಕೇಜ್‌ಗಳನ್ನು ತಂದು ಹಾಕುವ ಎನ್‌ಪಿಎಂ, ಪಿಪ್, ಬಂಡ್ಲರ್‌ನಂಥ ಉಪಕರಣಗಳೂ ಜೊತೆಗೇ ಬರುತ್ತವೆ. ಕೊನೆಗೆ, ಯಾರೂ ಲೈಬ್ರರಿ ಅಂತ ಲೆಕ್ಕಕ್ಕೇ ಹಿಡಿಯದ ದತ್ತಾಂಶ ಇದೆ: ಯೂನಿಕೋಡ್ ಕೋಷ್ಟಕ, ಟೈಮ್ ಝೋನ್ ನಿಯಮಗಳು. ಈ ಕೊನೆಯದರ ಬಗ್ಗೆ ಆಮೇಲೆ ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ.

ಮೊದಲು ರೂಬಿ ನೋಡೋಣ, ಯಾಕೆಂದರೆ ಅಲ್ಲಿ ಈ ವಿಷಯ ಎಲ್ಲಕ್ಕಿಂತ ಜಾಸ್ತಿ ಬಿಚ್ಚಿಕೊಂಡಿದೆ. ರೂಬಿಯಲ್ಲಿ ಲೈಬ್ರರಿಯ ಪ್ಯಾಕೇಜಿಗೆ ಜೆಮ್ ಅನ್ನುತ್ತಾರೆ. ಜೊತೆಗೆ ಬರುವುದರಲ್ಲಿ ಎರಡು ಬಗೆ. ಡೀಫಾಲ್ಟ್ ಜೆಮ್‌ಗಳು ಒಂದು. ಇವನ್ನು ತೆಗೆದುಹಾಕಲು ಆಗುವುದಿಲ್ಲ, ಬೇಕಾದರೆ ಇವುಗಳ ಹೊಸ ವರ್ಷನ್ ಪಕ್ಕದಲ್ಲಿ ಹಾಕಿಕೊಳ್ಳಬಹುದು. ಬಂಡಲ್ಡ್ ಜೆಮ್‌ಗಳು ಇನ್ನೊಂದು. ಇವು ರೂಬಿಯ ಜೊತೆ ಬರುತ್ತವೆ, ಆದರೆ ತೆಗೆದುಹಾಕಬಹುದು, ಮತ್ತು ಬಂಡ್ಲರ್ ಬಳಸುವವರು ಜೆಮ್‌ಫೈಲ್‌ನಲ್ಲಿ ಹೆಸರು ಬರೆಯದಿದ್ದರೆ ಸಿಗುವುದಿಲ್ಲ. ಹಲವು ವರ್ಷಗಳಿಂದ ಹಲವು ರಿಲೀಸುಗಳಲ್ಲಿ ಒಂದಿಷ್ಟು ಲೈಬ್ರರಿಗಳು ಮೊದಲ ಬಗೆಯಿಂದ ಎರಡನೇ ಬಗೆಗೆ ಸರಿಯುತ್ತಿವೆ. 3.0ರಲ್ಲಿ ಆರ್‌ಎಕ್ಸ್‌ಎಂಎಲ್ ಸರಿಯಿತು, ವೆಬ್‌ರಿಕ್ ಪೂರ್ತಿ ಹೊರಗೇ ಹೋಯಿತು. 3.1ರಲ್ಲಿ ನೆಟ್ ಎಸ್‌ಎಂಟಿಪಿ, ನೆಟ್ ಐಮ್ಯಾಪ್, ಮ್ಯಾಟ್ರಿಕ್ಸ್, ಪ್ರೈಮ್. 3.4ರಲ್ಲಿ ಸಿಎಸ್‌ವಿ, ಬೇಸ್64, ಬಿಗ್‌ಡೆಸಿಮಲ್ ಹೀಗೆ ದೊಡ್ಡ ಗುಂಪೇ ಹೋಯಿತು. 3.1 ಬಂದಾಗ, ರೂಬಿಯ ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್‌ನಲ್ಲಿ ಬರೆದ ಎಷ್ಟೋ ಆ್ಯಪ್‌ಗಳು ಶುರುವಿನಲ್ಲೇ 'ನೆಟ್ ಎಸ್‌ಎಂಟಿಪಿ ಲೋಡ್ ಮಾಡಲಾಗುತ್ತಿಲ್ಲ' ಅಂತ ನಿಂತವು. ಆ ಆ್ಯಪ್ ಬರೆದವರು ನೆಟ್ ಎಸ್‌ಎಂಟಿಪಿಯನ್ನು ಮುಟ್ಟಿಯೇ ಇರಲಿಲ್ಲ. ಅವರು ಹಾಕಿಕೊಂಡಿದ್ದ ಮೇಲ್ ಜೆಮ್ ಅದನ್ನು ಕೇಳುತ್ತಿತ್ತು, ಅದು ಯಾವಾಗಲೂ ಇರುತ್ತದೆ ಅಂತ ನಂಬಿಕೊಂಡು.

ಇದಕ್ಕಿಂತ ಕಷ್ಟದ್ದು ಸೈಕ್ ಅನ್ನುವ ಲೈಬ್ರರಿಯ ವಿಷಯ. ಸೆಟ್ಟಿಂಗ್ ಬರೆಯಲು ಬಳಸುವ ಯಾಮೆಲ್ ಫೈಲ್‌ಗಳನ್ನು ಓದುವುದು ಇದೇ. ರೂಬಿ 3.0ರ ಜೊತೆ ಸೈಕ್ 3.3 ಬರುತ್ತಿತ್ತು, 3.1ರ ಜೊತೆ ಸೈಕ್ 4 ಬಂತು. ನಾಲ್ಕನೇ ಆವೃತ್ತಿಯಲ್ಲಿ 'ಲೋಡ್' ಅನ್ನುವ ಮೆಥಡ್‌ನ ನಡವಳಿಕೆಯನ್ನೇ ಬದಲಾಯಿಸಿದರು. ಮೊದಲು ಯಾಮೆಲ್ ಒಳಗೆ ಯಾವ ಕ್ಲಾಸಿನ ಆಬ್ಜೆಕ್ಟ್ ಬರೆದಿದ್ದರೂ ಹುಟ್ಟಿಸಿಬಿಡುತ್ತಿತ್ತು; ಹೊರಗಿನಿಂದ ಬಂದ ಫೈಲ್ ಆದರೆ ಅದು ಅಪಾಯ. ಈಗ ಸುರಕ್ಷಿತವಾದ ಕೆಲವು ಬಗೆಗಳನ್ನು ಮಾತ್ರ ಓದುತ್ತದೆ, ಏಲಿಯಸ್‌ಗಳನ್ನು, ಅಂದರೆ ಮೇಲೆ ಬರೆದ ತುಂಡನ್ನೇ ಕೆಳಗೆ ಮತ್ತೆ ಕರೆಯುವುದನ್ನು, ಕೇಳಿದ ಹೊರತು ಒಪ್ಪುವುದಿಲ್ಲ. ಬದಲಾವಣೆ ಸರಿಯಾದದ್ದೇ, ನನ್ನ ತಕರಾರಿಲ್ಲ. ಆದರೆ ರೈಲ್ಸ್‌ನ ಡೇಟಾಬೇಸ್ ಸೆಟ್ಟಿಂಗ್ ಫೈಲ್ ನೆನಪಿಸಿಕೊಳ್ಳಿ. ಮೇಲೆ 'ಡೀಫಾಲ್ಟ್' ಅಂತ ಒಂದು ತುಂಡು ಬರೆದು, ಕೆಳಗೆ ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಮೂರಕ್ಕೂ ಅದನ್ನೇ ಏಲಿಯಸ್ ಆಗಿ ಎಳೆದುಕೊಳ್ಳುವುದು ಅಲ್ಲಿನ ರೂಢಿ. ಹಳೆಯ ರೈಲ್ಸ್ ಅದನ್ನು ಮಾಮೂಲಿ 'ಲೋಡ್'ನಿಂದ ಓದುತ್ತಿತ್ತು. ರೂಬಿ 3.1ಕ್ಕೆ ಹೋದ ತಕ್ಷಣ 'ಅನ್‌ನೋನ್ ಏಲಿಯಸ್: ಡೀಫಾಲ್ಟ್' ಅಂತ ಆ್ಯಪ್ ಏಳಲೇ ಇಲ್ಲ.

ಈಗ ಈ ಎರರ್ ಬಂದಾಗ ನೀವು ಎಲ್ಲಿ ಹುಡುಕುತ್ತೀರಿ? ಸೆಟ್ಟಿಂಗ್ ಫೈಲ್‌ನಲ್ಲಿ. ಅಲ್ಲಿ ತಪ್ಪೇನೂ ಇಲ್ಲ. ಆಮೇಲೆ ರೈಲ್ಸ್‌ನಲ್ಲಿ. ಅದರ ವರ್ಷನ್ ಬದಲಾಗಿಲ್ಲ. ರೂಬಿ ಭಾಷೆಯ ಬದಲಾವಣೆಗಳನ್ನು ಓದಿದರೆ ಸಿಂಟ್ಯಾಕ್ಸ್, ಹೊಸ ಮೆಥಡ್‌ಗಳು, ವೇಗ ಇವುಗಳ ಮಾತೇ ಮೇಲೆ ಕಾಣುತ್ತದೆ. ಸೈಕ್ 4ಕ್ಕೆ ಏರಿತು ಅನ್ನುವುದು ಕೆಳಗೆಲ್ಲೋ ಒಂದು ಸಾಲು. ಆದರೆ ಎರಡು ರಿಲೀಸುಗಳ ಜೆಮ್ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಿದ್ದರೆ, ಮೊದಲ ಅಂಕಿಯೇ ಬದಲಾದ ಲೈಬ್ರರಿಗಳು ಕೆಲವೇ ಕೆಲವು, ಅದರಲ್ಲಿ ಸೈಕ್ ಎದ್ದು ಕಾಣುತ್ತಿತ್ತು. ಹುಡುಕಾಟ ಅಲ್ಲಿಂದ ಶುರುವಾದರೆ ದಾರಿ ಬಹಳ ಹತ್ತಿರ. ಸದ್ಯಕ್ಕೆ ಜೆಮ್‌ಫೈಲ್‌ನಲ್ಲಿ ಸೈಕ್ 4ಕ್ಕಿಂತ ಕೆಳಗಿನದ್ದು ಅಂತ ಕಟ್ಟಿಹಾಕಿ, ನಿಧಾನಕ್ಕೆ ರೈಲ್ಸ್ ಏರಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದವರೂ ಇದ್ದಾರೆ.

ರೂಬಿಯಲ್ಲಿ ಈ ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಕೇಳಬಹುದು. ಬಂಡಲ್ಡ್ ಜೆಮ್‌ಗಳದ್ದು ಸುಲಭ: ರೂಬಿಯ ಮೂಲ ಕೋಡ್‌ನಲ್ಲಿ ಜೆಮ್ಸ್ ಅನ್ನುವ ಫೋಲ್ಡರ್ ಒಳಗೆ ಒಂದೇ ಫೈಲ್, ಸಾಲಿಗೊಂದು ಹೆಸರು, ವರ್ಷನ್, ವಿಳಾಸ. ಡೀಫಾಲ್ಟ್ ಜೆಮ್‌ಗಳದ್ದು ಹಾಗಲ್ಲ. ಅವುಗಳ ಜೆಮ್‌ಸ್ಪೆಕ್ ಫೈಲ್‌ಗಳು ಅಲ್ಲಲ್ಲಿ ಚದುರಿಕೊಂಡಿವೆ. ಹಾಗಾಗಿ ಮೂಲ ಕೋಡ್ ಓದಿ ಪಟ್ಟಿ ಮಾಡುವುದಕ್ಕಿಂತ, ಆ ರಿಲೀಸನ್ನು ನಿಜವಾಗಿ ಇನ್‌ಸ್ಟಾಲ್ ಮಾಡಿ 'ಜೆಮ್ ಲಿಸ್ಟ್' ಅಂತ ಕೇಳುವುದೇ ವಾಸಿ. ಡೀಫಾಲ್ಟ್ ಆಗಿ ಬಂದದ್ದರ ಪಕ್ಕ ಅದೇ ಗುರುತು ಹಾಕಿ ತೋರಿಸುತ್ತದೆ.

ಈಗ ಪರ್ಲ್. ಪರ್ಲ್ ಹಳೆಯದಾಯಿತು ಅಂತ ಪಕ್ಕಕ್ಕಿಡುವವರು ಇದ್ದಾರೆ, ಆದರೆ ಈ ಒಂದು ವಿಷಯದಲ್ಲಿ ಪರ್ಲ್ ಮಂದಿ ಮಾಡಿಟ್ಟಷ್ಟು ಅಚ್ಚುಕಟ್ಟು ಕೆಲಸವನ್ನು ನಾನು ಬೇರೆ ಕಡೆ ನೋಡಿಲ್ಲ. 'ಮಾಡ್ಯೂಲ್ ಕೋರ್‌ಲಿಸ್ಟ್' ಅಂತ ಒಂದು ಮಾಡ್ಯೂಲ್ ಇದೆ. ಪರ್ಲ್‌ನ ಪ್ರತಿ ರಿಲೀಸಿನಲ್ಲಿ ಯಾವ ಮಾಡ್ಯೂಲ್‌ನ ಯಾವ ವರ್ಷನ್ ಇತ್ತು ಅನ್ನುವ ಇಡೀ ಚರಿತ್ರೆ ಅದರೊಳಗಿದೆ, ರಿಲೀಸ್ ಆದ ತಾರೀಖಿನ ಜೊತೆಗೆ. ಟರ್ಮಿನಲ್‌ನಲ್ಲಿ 'ಕೋರ್‌ಲಿಸ್ಟ್' ಅಂತ ಬರೆದು ಮುಂದೆ ಸಿಜಿಐ (ವೆಬ್ ಪುಟಗಳಿಗೆ ಬಳಸುತ್ತಿದ್ದ ಹಳೆಯ ಮಾಡ್ಯೂಲ್) ಅಂತ ಹಾಕಿ. ಅದು ಮೊದಲು ಪರ್ಲ್ 5.004ರಲ್ಲಿ ಬಂತು, 5.19.7ರಲ್ಲಿ ಇನ್ನು ಕೋರ್‌ನಿಂದ ಹೋಗಲಿದೆ ಅಂತ ಗುರುತಾಯಿತು, 5.21.0ರಲ್ಲಿ ತೆಗೆದರು ಅಂತ ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ಹುಟ್ಟು, ನೋಟಿಸು, ನಿರ್ಗಮನ, ಮೂರೂ ಅಲ್ಲಿದೆ. ಪರ್ಲ್‌ನಲ್ಲಿ ಮಧ್ಯದ ಅಂಕಿ ಬೆಸವಾದರೆ ಅದು ಡೆವಲಪ್‌ಮೆಂಟ್ ಸಾಲು, ಸಮವಾದರೆ ಜನಬಳಕೆಯ ಸಾಲು. ಹಾಗಾಗಿ ಬಳಸುವವರ ಪಾಲಿಗೆ ಸಿಜಿಐ ಹೋಗಿದ್ದು 5.22ರಲ್ಲಿ, ಅಂದರೆ 2015ರಲ್ಲಿ. ಜೇಸನ್ ಪಿಪಿ ಬಗ್ಗೆ ಕೇಳಿದರೆ 5.13.9 ಅನ್ನುತ್ತದೆ, ಅಂದರೆ 5.14ರಿಂದ ಅದು ಎಲ್ಲರಿಗೂ ಸಿಗುತ್ತದೆ ಅಂತ ತಿಳಿದುಕೊಳ್ಳಬೇಕು. ಎರಡು ರಿಲೀಸುಗಳ ನಂಬರ್ ಕೊಟ್ಟು ನಡುವಿನ ವ್ಯತ್ಯಾಸ ತೋರಿಸು ಅಂತಲೂ ಕೇಳಬಹುದು.

ಇದರ ಒಳಗಿನ ಕಟ್ಟಡ ನೋಡಲೇಬೇಕು. ಮೊದಮೊದಲು ಪ್ರತಿ ರಿಲೀಸಿಗೂ ಪೂರ್ತಿ ಪಟ್ಟಿಯನ್ನೇ ಬರೆದಿಡುತ್ತಿದ್ದರು. ಪರ್ಲ್‌ನ ಡೆವಲಪ್‌ಮೆಂಟ್ ರಿಲೀಸುಗಳು ತಿಂಗಳಿಗೊಂದರಂತೆ ಬರತೊಡಗಿದ ಮೇಲೆ ಆ ಫೈಲ್ ಊದಿಕೊಂಡಿತು. ಆಗ ಡೆಲ್ಟಾ ಪದ್ಧತಿಗೆ ಬದಲಾಯಿಸಿದರು. ಈಗ ಪ್ರತಿ ರಿಲೀಸಿನ ದಾಖಲೆಯಲ್ಲಿ ಮೂರೇ ವಿಷಯ ಇರುತ್ತದೆ: ಯಾವ ಹಿಂದಿನ ರಿಲೀಸಿನಿಂದ ಶುರು ಮಾಡಬೇಕು, ಏನೇನು ಬದಲಾಯಿತು, ಏನೇನು ತೆಗೆದರು. ಇದರಲ್ಲಿ ಜಾಗ ಉಳಿಯುವುದು ಒಂದು ಲಾಭ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಲಾಭ ಏನೆಂದರೆ, 'ಹಿಂದಿನದು' ಅಂದರೆ ನಂಬರಿನಲ್ಲಿ ಹಿಂದಿನದು ಅಲ್ಲ, ಯಾವುದರಿಂದ ಕವಲೊಡೆಯಿತೋ ಅದು ಅನ್ನುವುದು ಸ್ಪಷ್ಟವಾಗಿ ದಾಖಲಾಗುತ್ತದೆ. ಹಳೆಯ ಸಾಲಿಗೆ ಬಿಡುವ ರಿಪೇರಿ ರಿಲೀಸು ತಾರೀಖಿನಲ್ಲಿ ಹೊಸದು, ಆದರೆ ಒಳಗಿನ ಲೈಬ್ರರಿಗಳು ಹಳೆಯ ಸಾಲಿನವೇ. ತಾರೀಖಿನ ಪ್ರಕಾರ ಸುಮ್ನೆ ಜೋಡಿಸಿಕೊಂಡು ಹೋದರೆ ವರ್ಷನ್‌ಗಳು ಮೇಲೆ ಕೆಳಗೆ ಕುಣಿದ ಹಾಗೆ ಕಾಣುತ್ತವೆ. ಸ್ವಂತ ಕೋಷ್ಟಕ ಮಾಡಿಕೊಳ್ಳುವವರು ಇದನ್ನು ಪರ್ಲ್‌ನಿಂದ ಕಲಿಯಬೇಕು.

ಪರ್ಲ್‌ನಲ್ಲೂ ಒಂದು ತೊಡಕಿದೆ. ಕೋರ್‌ಲಿಸ್ಟ್ ಕೂಡ ಪರ್ಲ್‌ನ ಜೊತೆಗೇ ಬರುವ ಲೈಬ್ರರಿ. ನಿಮ್ಮ ಯಂತ್ರದಲ್ಲಿ ಹಳೆಯ ಪರ್ಲ್ ಇದ್ದರೆ ಅದರ ಕೋರ್‌ಲಿಸ್ಟ್‌ಗೆ ಆಮೇಲೆ ಬಂದ ರಿಲೀಸುಗಳ ಸುದ್ದಿ ಗೊತ್ತಿರುವುದಿಲ್ಲ. ಮುಂದಿನ ಪರ್ಲ್‌ಗೆ ಹೋದರೆ ಏನಾಗುತ್ತದೆ ಅಂತ ತಿಳಿಯಲು ಮೊದಲು ಪರ್ಲ್ ಮಾಡ್ಯೂಲ್‌ಗಳ ಭಂಡಾರವಾದ ಸಿಪ್ಯಾನ್‌ನಿಂದ ಹೊಸ ಕೋರ್‌ಲಿಸ್ಟ್ ಹಾಕಿಕೊಳ್ಳಬೇಕು. ಪಟ್ಟಿ ಬೇರೆಯಾಗಿಯೂ ಸಿಗುವಂತಿರಬೇಕು ಅನ್ನುವುದಕ್ಕೆ ಕಾರಣ ಇದು.

ನೋಡ್‌ನವರು ಅದನ್ನು ಸರಿಯಾಗಿ ಮಾಡಿದ್ದಾರೆ. ರಿಲೀಸುಗಳನ್ನು ಡೌನ್‌ಲೋಡ್‌ಗೆ ಇಡುವ ಜಾಗದಲ್ಲೇ ಒಂದು ಜೇಸನ್ ಫೈಲ್ ಇದೆ, ಪ್ರತಿ ರಿಲೀಸಿಗೆ ಒಂದು ನಮೂದು: ತಾರೀಖು, ಎನ್‌ಪಿಎಂ, ವಿ8, ಲಿಬ್‌ಯುವಿ, ಜೆಡ್‌ಲಿಬ್, ಓಪನ್‌ಎಸ್‌ಎಸ್‌ಎಲ್ ವರ್ಷನ್‌ಗಳು, ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ ಇರುವುದು) ಹೌದೋ ಅಲ್ಲವೋ, ಭದ್ರತಾ ರಿಲೀಸೋ ಅಲ್ಲವೋ. ಓಡುತ್ತಿರುವ ನೋಡ್‌ನನ್ನೇ 'ಪ್ರೊಸೆಸ್ ಡಾಟ್ ವರ್ಷನ್ಸ್' ಅಂತ ಕೇಳಿದರೆ ಇನ್ನೂ ಉದ್ದದ ಪಟ್ಟಿ ಕೊಡುತ್ತದೆ, ಯೂನಿಕೋಡ್, ಟೈಮ್ ಝೋನ್ ದತ್ತಾಂಶದ ವರ್ಷನ್ ಸಮೇತ. ಆ ಜೇಸನ್ ಫೈಲ್ ಮೇಲೆ ಹತ್ತು ಸಾಲಿನ ಸ್ಕ್ರಿಪ್ಟ್ ಓಡಿಸಿ ನೋಡಿ. ಒಳಗಿನವು ಬರೀ ದೊಡ್ಡ ರಿಲೀಸಿನಲ್ಲಿ ಬದಲಾಗುತ್ತವೆ ಅನ್ನುವ ಭಾವನೆ ಹೋಗುತ್ತದೆ. ಎನ್‌ಪಿಎಂ 8 ಬಂದಿದ್ದು ನೋಡ್ 16ರ ಮಧ್ಯದಲ್ಲಿ, 16.11ರಲ್ಲಿ. ಅದಕ್ಕೂ ಮೊದಲು ನೋಡ್ 14ರಲ್ಲಿ ಎನ್‌ಪಿಎಂ 6 ಇತ್ತು, 16 ಬಂದಾಗ 7 ಇತ್ತು, ಲಾಕ್ ಫೈಲ್‌ನ ರೂಪವೇ ಬದಲಾಗಿತ್ತು. ಒಂದೇ ತಂಡದಲ್ಲಿ ಒಬ್ಬರು 14, ಇನ್ನೊಬ್ಬರು 16 ಇಟ್ಟುಕೊಂಡಿದ್ದರೆ ಸಾವಿರಾರು ಸಾಲಿನ ಲಾಕ್ ಫೈಲ್ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಮಗುಚುತ್ತಾ ಇರುತ್ತಿತ್ತು, ಕೋಡ್ ರಿವ್ಯೂ ಮಾಡುವವರ ಪಾಡು ಕೇಳುವುದೇ ಬೇಡ.

ಹ್ಯಾಸ್ಕೆಲ್ ಬಗ್ಗೆ ಸ್ವಲ್ಪದರಲ್ಲೇ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಬೇಸ್ ಅನ್ನುವ ಲೈಬ್ರರಿ ಕಂಪೈಲರ್‌ಗೆ ಗಂಟು ಹಾಕಿಕೊಂಡೇ ಬರುತ್ತಿತ್ತು: ಜಿಎಚ್‌ಸಿ ಅನ್ನುವ ಆ ಕಂಪೈಲರ್‌ನ 9.2ಕ್ಕೆ ಬೇಸ್ 4.16, 9.4ಕ್ಕೆ 4.17, 9.6ಕ್ಕೆ 4.18. ಪ್ರತಿ ಪ್ಯಾಕೇಜೂ ತನಗೆ ಯಾವ ಬೇಸ್‌ನಿಂದ ಯಾವ ಬೇಸ್‌ವರೆಗೆ ಆಗುತ್ತದೆ ಅಂತ ಬರೆಯುತ್ತದೆ. ಹಾಗಾಗಿ ಕೋಷ್ಟಕ ಇಲ್ಲದೆ ಅಲ್ಲಿ ದಿನವೇ ಹೋಗುವುದಿಲ್ಲ, ರಿಲೀಸ್ ಟಿಪ್ಪಣಿಯಲ್ಲಿ ಒಳಗಿನ ಲೈಬ್ರರಿಗಳಿಗೇ ಬೇರೆ ಭಾಗ ಇರುತ್ತದೆ. 9.4ರ ಜೊತೆ ಬಂದ ಟೆಕ್ಸ್ಟ್ 2.0 ಒಳಗೆ ಅಕ್ಷರಗಳನ್ನು ಇಡುವ ಕ್ರಮ ಯುಟಿಎಫ್-16ರಿಂದ ಯುಟಿಎಫ್-8ಕ್ಕೆ ಹೋಯಿತು. ಆ ಒಳಗಿನ ಬೈಟ್‌ಗಳನ್ನು ನೇರವಾಗಿ ಮುಟ್ಟುತ್ತಿದ್ದ ಪ್ಯಾಕೇಜ್‌ಗಳೆಲ್ಲ ತಿದ್ದಿಕೊಳ್ಳಬೇಕಾಯಿತು.

ಪೈಥಾನ್‌ಗೆ ಬರೋಣ. ಇಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ಮಾಡ್ಯೂಲ್‌ಗಳಿಗೆ ಸಾಮಾನ್ಯವಾಗಿ ಬೇರೆ ವರ್ಷನ್ ಇಲ್ಲ, ಪೈಥಾನ್ ವರ್ಷನ್ನೇ ಅವುಗಳದ್ದೂ. ಆದರೆ ಇದೆಯೋ ಇಲ್ಲವೋ ಅನ್ನುವುದು ಬದಲಾಗುತ್ತದೆ. 2023ರಲ್ಲಿ ಬಂದ 3.12ರಲ್ಲಿ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಅದೇ ಬಗೆಯ ಕೆಲಸದ ಸೆಟಪ್‌ಟೂಲ್ಸ್ ತಾನಾಗಿ ಬರುವುದೂ ನಿಂತಿತು. 3.13ರಲ್ಲಿ ಒಂದೇ ಏಟಿಗೆ 19 ಮಾಡ್ಯೂಲ್‌ಗಳನ್ನು ತೆಗೆದರು, ಸಿಜಿಐ, ಟೆಲ್ನೆಟ್‌ಲಿಬ್, ಕ್ರಿಪ್ಟ್ ಎಲ್ಲ ಅದರಲ್ಲಿ ಸೇರಿವೆ. ನಿಮ್ಮ ಕೋಷ್ಟಕದಲ್ಲಿ 'ಇಲ್ಲ' ಅನ್ನುವುದಕ್ಕೂ ಒಂದು ಗುರುತು ಇರಬೇಕು. ಖಾಲಿ ಬಿಟ್ಟರೆ ಅದು ತೆಗೆದದ್ದೋ ಅಥವಾ ನಾವು ನೋಡಿಲ್ಲವೋ ಅಂತ ಆಮೇಲೆ ಗೊತ್ತಾಗುವುದಿಲ್ಲ.

ಪೈಥಾನ್‌ನಲ್ಲಿ ನಿಜವಾದ ತಲೆನೋವು ಸಿ ಲೈಬ್ರರಿಗಳದ್ದು. ಎಸ್‌ಕ್ಯೂಲೈಟ್ ತಗೊಳ್ಳಿ. ವಿಂಡೋಸ್‌ನ ಅಧಿಕೃತ ಇನ್‌ಸ್ಟಾಲರ್ ತನ್ನ ಎಸ್‌ಕ್ಯೂಲೈಟನ್ನು ತಾನೇ ತರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಸ್ಟಮ್‌ನಲ್ಲಿ ಇರುವುದನ್ನು ಬಳಸುತ್ತದೆ. ಹಾಗಾಗಿ 'ಪೈಥಾನ್ ಇಂತಿಷ್ಟರಲ್ಲಿ ಎಸ್‌ಕ್ಯೂಲೈಟ್ ಎಷ್ಟು' ಅನ್ನುವ ಪ್ರಶ್ನೆಗೆ ಒಂದು ಉತ್ತರವೇ ಇಲ್ಲ. ಸೆಂಟ್‌ಒಎಸ್ 7 ಅನ್ನುವ ಲಿನಕ್ಸ್‌ನಲ್ಲಿ ಎಸ್‌ಕ್ಯೂಲೈಟ್ 3.7.17 ಇತ್ತು. ಅದರ ಮೇಲೆ ಹೊಸ ಪೈಥಾನ್ ಕಟ್ಟಿಕೊಂಡು ಜ್ಯಾಂಗೊ ಅನ್ನುವ ವೆಬ್ ಫ್ರೇಮ್‌ವರ್ಕ್‌ನ 2.2 ಹಾಕಿದವರಿಗೆ '3.8.3 ಅಥವಾ ಅದಕ್ಕಿಂತ ಹೊಸದು ಬೇಕು, ಸಿಕ್ಕಿದ್ದು 3.7.17' ಅಂತ ಉತ್ತರ ಬರುತ್ತಿತ್ತು. ಪೈಥಾನ್ ಹೊಸದು, ಜ್ಯಾಂಗೊ ಹೊಸದು, ನಡುವೆ ಕೂತ ಎಸ್‌ಕ್ಯೂಲೈಟ್ ಮಾತ್ರ ಹಳೆಯದು. ಜ್ಯಾಂಗೊ ಕನಿಷ್ಠ ಬಾಯಿಬಿಟ್ಟು ಹೇಳಿತು. ನೀವೇ ನೇರವಾಗಿ 'ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್' ಅಂತ ಕ್ವೆರಿ ಬರೆದಿದ್ದರೆ, ಅದಕ್ಕೆ 3.24 ಬೇಕು, ಇಲ್ಲದ ಕಡೆ ಬರೀ ಸಿಂಟ್ಯಾಕ್ಸ್ ಎರರ್ ಬರುತ್ತದೆ.

ಜೆಡ್‌ಲಿಬ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೈಥಾನ್‌ನ ಜೆಡ್‌ಲಿಬ್ ಮಾಡ್ಯೂಲ್ ಎರಡು ವರ್ಷನ್ ಹೇಳುತ್ತದೆ: ಕಟ್ಟುವಾಗ ಇದ್ದದ್ದು ಒಂದು, ಈಗ ಓಡುವಾಗ ಸಿಕ್ಕಿದ್ದು ಇನ್ನೊಂದು. ರೂಬಿಯ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯೂ ಹಾಗೇ ಎರಡನ್ನೂ ಕೊಡುತ್ತದೆ. ಈ ಎರಡು ಬೇರೆ ಬೇರೆ ಆಗಿರಬಹುದು, ಯಾಕೆಂದರೆ ಸಿಸ್ಟಮ್ ಅಪ್‌ಡೇಟ್ ಆದಾಗ ಕೆಳಗಿನ ಲೈಬ್ರರಿ ಬದಲಾಗುತ್ತದೆ, ಮೇಲಿನ ಭಾಷೆ ಮೊದಲಿನದ್ದೇ ಇರುತ್ತದೆ. ಭದ್ರತೆಯ ಲೆಕ್ಕಕ್ಕೆ ಓಡುವಾಗಿನದ್ದು ಮುಖ್ಯ. ಕೆಲವು ಸೌಲಭ್ಯ ಯಾಕೆ ಕಾಣುತ್ತಿಲ್ಲ ಅಂತ ಹುಡುಕುವಾಗ ಕಟ್ಟುವಾಗಿನದ್ದು ಮುಖ್ಯ. ಎರಡನ್ನೂ ಬರೆದಿಡಿ, ದಯವಿಟ್ಟು.

ಈಗ ಆಗಲೇ ಹೇಳಿದ ಯೂನಿಕೋಡ್ ಉದಾಹರಣೆ. ಹಳೆಗನ್ನಡದಲ್ಲಿ ಬರುವ ನಕಾರಪೊಲ್ಲು ಅನ್ನುವ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 14.0ರಲ್ಲಿ, 2021ರಲ್ಲಿ. ಪೈಥಾನ್ 3.10ರ ಒಳಗೆ ಇರುವುದು ಯೂನಿಕೋಡ್ 13ರ ಕೋಷ್ಟಕ, 3.11ರ ಒಳಗೆ 14ರದ್ದು. ಒಂದೇ ಪ್ರೋಗ್ರಾಂ, ಒಂದೇ ಪಠ್ಯ. 3.10ರಲ್ಲಿ ಆ ಅಕ್ಷರದ ಹೆಸರು ಕೇಳಿದರೆ ಅಂಥದ್ದೊಂದು ಇಲ್ಲವೇ ಇಲ್ಲ ಅನ್ನುತ್ತದೆ, ಇದು ಅಕ್ಷರವೇ ಅಂತ ಕೇಳಿದರೆ ಅಲ್ಲ ಅನ್ನುತ್ತದೆ. 3.11ರಲ್ಲಿ ಹೌದು ಅನ್ನುತ್ತದೆ. ಹಳೆಯ ಕನ್ನಡ ಪಠ್ಯಗಳನ್ನು ಪದಗಳಾಗಿ ಒಡೆಯುವ ಸಾಧನ ಬರೆಯುವವರಿಗೆ ಇದು ಸಣ್ಣ ವಿಷಯ ಅಲ್ಲ: ಪದದ ನಡುವೆ ಇದು ಬಂದರೆ ಒಂದು ರಿಲೀಸಿನಲ್ಲಿ ಪದ ಎರಡಾಗುತ್ತದೆ, ಮುಂದಿನ ರಿಲೀಸಿನಲ್ಲಿ ಒಂದಾಗಿಯೇ ಉಳಿಯುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಎಣಿಕೆ ಮಾತ್ರ ಬೇರೆ. ಪೈಥಾನ್‌ನ ಯೂನಿಕೋಡ್ ಮಾಡ್ಯೂಲ್ ತನ್ನ ಕೋಷ್ಟಕದ ವರ್ಷನ್ ಹೇಳುತ್ತದೆ, ಕೇಳುವವರು ಬೇಕು ಅಷ್ಟೆ.

ಸರಿ, ನಾವು ಮಾಡುವುದು ಏನು? ನಾನು ಒಪ್ಪುವ ದಾರಿ ಇದು. ಪಟ್ಟಿಯನ್ನು ಕೈಯಿಂದ ಬರೆಯಬೇಡಿ. ರಿಲೀಸ್ ಟಿಪ್ಪಣಿ ಓದಿ ತುಂಬಿಸಿದ ಕೋಷ್ಟಕಗಳು ಮೊದಲ ಎರಡು ರಿಲೀಸಿಗೆ ಚೆನ್ನಾಗಿರುತ್ತವೆ, ಆಮೇಲೆ ರಿಪೇರಿ ರಿಲೀಸುಗಳು ತಪ್ಪಿಹೋಗುತ್ತವೆ, ಅಲ್ಲೇ ಭದ್ರತೆಗೆ ಬೇಕಾದ ಬದಲಾವಣೆಗಳು ಇರುವುದು. 2023ರ ಮಾರ್ಚ್‌ನಲ್ಲಿ ಬಂದ ರೂಬಿ 3.2.2 ನೋಡಿ, ಅದು ಬಂದದ್ದೇ ಒಳಗಿನ ಯುಆರ್‌ಐ ಮತ್ತು ಟೈಮ್ ಲೈಬ್ರರಿಗಳ ತೊಂದರೆ ಸರಿ ಮಾಡಲು. ಅದರ ಬದಲು, ಪ್ರತಿ ರಿಲೀಸಿನ ಅಧಿಕೃತ ಕಂಟೇನರ್ ಇಮೇಜ್ ಎತ್ತಿಕೊಂಡು, ಒಂದು ಸಣ್ಣ ಸ್ಕ್ರಿಪ್ಟ್ ಅದರೊಳಗೆ ಓಡಿಸಿ, ನಿನ್ನ ಹೊಟ್ಟೆಯಲ್ಲಿ ಏನೇನಿದೆ ಅಂತ ಭಾಷೆಯನ್ನೇ ಕೇಳಿ, ಬಂದ ಉತ್ತರವನ್ನು ಸಾಲಿಗೊಂದರಂತೆ ಅಕ್ಷರ ಕ್ರಮದಲ್ಲಿ ಒಂದು ಫೈಲ್‌ಗೆ ಬರೆದು ಗಿಟ್‌ಗೆ ಹಾಕಿ. ಅಕ್ಷರ ಕ್ರಮ ಯಾಕೆ ಅಂದರೆ ಡಿಫ್ (ಎರಡು ಫೈಲ್‌ಗಳ ನಡುವಿನ ವ್ಯತ್ಯಾಸ) ಓದುವ ಹಾಗಿರಬೇಕು. ಆಮೇಲೆ ನಿಮ್ಮ ಪ್ರೊಡಕ್ಷನ್ ಇಮೇಜ್ ಮೇಲೂ ಅದೇ ಸ್ಕ್ರಿಪ್ಟ್ ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ನಡೆಯುವ ಪರೀಕ್ಷೆಯಲ್ಲಿ) ಓಡಲಿ. ಅಧಿಕೃತ ಪಟ್ಟಿಗೂ ನಿಮ್ಮದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಕಣ್ಣಿಡಬೇಕು. ಲಿನಕ್ಸ್ ಜೋಡಿಸಿ ಹಂಚುವ ಡಿಸ್ಟ್ರೊದವರು ಕಟ್ಟಿದ ನೋಡ್ ಸಿಸ್ಟಮ್‌ನ ಓಪನ್‌ಎಸ್‌ಎಸ್‌ಎಲ್ ಬಳಸುತ್ತಿರಬಹುದು, ಆಗ ಅಧಿಕೃತ ಜೇಸನ್ ಫೈಲ್‌ನಲ್ಲಿರುವ ನಂಬರ್ ನಿಮಗೆ ಅನ್ವಯಿಸುವುದಿಲ್ಲ. ಭಾಷೆ ಅಪ್‌ಗ್ರೇಡ್ ಮಾಡುವ ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲೂ ಈ ಡಿಫ್ ಕಾಣಬೇಕು. ಮೊದಲ ಅಂಕಿ ಬದಲಾದವು, ಹೊರಗೆ ಹೋದವು, ಇವೆರಡನ್ನು ಒಬ್ಬರು ಕೂತು ಓದಿದರೆ ನಾನು ಇಲ್ಲಿಯವರೆಗೆ ಹೇಳಿದ ಬಹುತೇಕ ತೊಂದರೆಗಳು ಮೊದಲೇ ಕೈಗೆ ಸಿಗುತ್ತವೆ.

ಭಾಷೆ ಮಾಡುವವರ ಕಡೆಯಿಂದಲೂ ಕೆಲಸ ನಡೆಯುತ್ತಿದೆ. ಪೈಥಾನ್‌ನ ಮೂಲ ಕೋಡ್‌ನಲ್ಲಿ ಈಗ ಎಕ್ಸ್‌ಪ್ಯಾಟ್‌ನಂಥ ಒಳಗಿನ ಸರಕಿನ ಪಟ್ಟಿ ಎಸ್‌ಪಿಡಿಎಕ್ಸ್ ಅನ್ನುವ, ಯಂತ್ರ ಓದುವ ರೂಪದಲ್ಲಿ ಇದೆ. ಇದು ಎಲ್ಲ ಭಾಷೆಗಳಿಗೂ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಟ್ಟಿ ಕೊಡುವವರಿಗೆ ಒಳಗೆ ಏನು ಹಾಕಿದ್ದೇವೆ ಅಂತ ಗೊತ್ತೇ ಇರುತ್ತದೆ. ಅದನ್ನು ಬರೆದು ಕೊಡದೆ ಇರುವುದರಿಂದ ಬಳಸುವ ಪ್ರತಿಯೊಬ್ಬರೂ ಅದನ್ನೇ ಮತ್ತೆ ಮತ್ತೆ ಅಗೆದು ತೆಗೆಯಬೇಕಾಗುತ್ತದೆ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಡಿಪೆಂಡೆನ್ಸಿ ಅಪ್‌ಡೇಟ್ ಮಾಡುವ ಬಾಟ್ ಇದೆಯಲ್ಲ, ಅದೇ ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ? ಇಲ್ಲ. ಅದು ನೋಡುವುದು ನಿಮ್ಮ ಲಾಕ್ ಫೈಲ್. ಭಾಷೆಯ ಹೊಟ್ಟೆಯೊಳಗಿನದ್ದು ಆ ಫೈಲ್‌ನಲ್ಲಿ ಬರೆದಿರುವುದಿಲ್ಲ. ನೋಡ್ 17ರ ಓಪನ್‌ಎಸ್‌ಎಸ್‌ಎಲ್ ಯಾವ ಲಾಕ್ ಫೈಲ್‌ನಲ್ಲೂ ಇರಲಿಲ್ಲ.

ಇನ್ನೊಬ್ಬರದ್ದು ಭದ್ರತೆಯ ತೂತು ಹುಡುಕುವ ಸ್ಕ್ಯಾನರ್ ಬಗ್ಗೆ: ಎಲ್ಲ ಅಪ್‌ಡೇಟ್ ಮಾಡಿದ ಮೇಲೂ ಸೆಟಪ್‌ಟೂಲ್ಸ್ 65.5.0 ಅಪಾಯಕಾರಿ ಅಂತ ತೋರಿಸುತ್ತಲೇ ಇರುತ್ತದೆ, ಏನು ಮಾಡುವುದು? ಇದು ಬಹಳ ಜನರನ್ನು ಕಾಡಿದ ವಿಷಯ. ಆ ತೊಂದರೆ 65.5.1ರಲ್ಲಿ ಸರಿಯಾಗಿದೆ. ಆದರೆ ಪೈಥಾನ್ 3.11ರ ಹಲವು ರಿಲೀಸುಗಳು ತಮ್ಮ ಎನ್‌ಶೂರ್‌ಪಿಪ್ (ಪಿಪ್ ಹಾಕಿಕೊಡುವ ಒಳಗಿನ ಮಾಡ್ಯೂಲ್) ಒಳಗೆ 65.5.0ರ ವೀಲ್ ಫೈಲ್ (ಕಟ್ಟಿಟ್ಟ ಪ್ಯಾಕೇಜ್) ಇಟ್ಟುಕೊಂಡಿರುತ್ತವೆ, ಹೊಸ ಎನ್ವಿರಾನ್‌ಮೆಂಟ್ ಹುಟ್ಟಿಸುವಾಗ ಬಿಚ್ಚಿ ಹಾಕಲು. ನೀವು ಬಳಸುತ್ತಿರುವ ಸೆಟಪ್‌ಟೂಲ್ಸ್ ಹೊಸದೇ ಆಗಿದ್ದರೂ ಆ ಮೂಲ ವೀಲ್ ಡಿಸ್ಕ್‌ನಲ್ಲಿ ಉಳಿದಿರುತ್ತದೆ, ಸ್ಕ್ಯಾನರ್ ಅದನ್ನು ಹಿಡಿಯುತ್ತದೆ. ರೂಬಿಯ ಡೀಫಾಲ್ಟ್ ಜೆಮ್‌ಗಳಲ್ಲೂ ಹೀಗೇ, ಹಳೆಯ ಜೆಮ್‌ಸ್ಪೆಕ್ ಅಲ್ಲೇ ಇರುತ್ತದೆ. ಮೊದಲು ಯಾವ ಪಾತ್ ಅಂತ ಸ್ಕ್ಯಾನರ್ ವರದಿಯಲ್ಲಿ ನೋಡಿ. ಎನ್‌ಶೂರ್‌ಪಿಪ್ ಒಳಗಿನದ್ದಾದರೆ, ಪ್ರೊಡಕ್ಷನ್ ಇಮೇಜ್‌ನಲ್ಲಿ ಹೊಸ ಎನ್ವಿರಾನ್‌ಮೆಂಟ್ ಹುಟ್ಟಿಸುವ ಅಗತ್ಯ ಇಲ್ಲದಿದ್ದರೆ, ಆ ಫೋಲ್ಡರನ್ನೇ ಇಮೇಜ್‌ನಿಂದ ತೆಗೆಯಬಹುದು. ಅಥವಾ 3.12ಕ್ಕೆ ಹೋದರೆ ಎನ್‌ಶೂರ್‌ಪಿಪ್‌ನಲ್ಲಿ ಸೆಟಪ್‌ಟೂಲ್ಸೇ ಇಲ್ಲ. ಇದಕ್ಕೆ ಸೇರಿದ ಇನ್ನೊಂದು ಮಾತು: ಡೆಬಿಯನ್, ರೆಡ್ ಹ್ಯಾಟ್‌ನಂಥ ಡಿಸ್ಟ್ರೊಗಳು ಎಷ್ಟೋ ಸಲ ಮೂಲ ವರ್ಷನ್ ನಂಬರ್ ಬದಲಾಯಿಸದೆ ಬರೀ ರಿಪೇರಿಯನ್ನು ಮಾತ್ರ ಹಳೆಯದಕ್ಕೆ ಸೇರಿಸುತ್ತವೆ. ಹಾಗಾಗಿ ಡಿಸ್ಟ್ರೊ ಕೊಟ್ಟ ಭಾಷೆ ಬಳಸುವವರು ತಮ್ಮ ಕೋಷ್ಟಕದಲ್ಲಿ ಲೈಬ್ರರಿಯ ವರ್ಷನ್ ಪಕ್ಕದಲ್ಲಿ ಡಿಸ್ಟ್ರೊ ಪ್ಯಾಕೇಜಿನ ಪೂರ್ತಿ ವರ್ಷನ್‌ಗೂ, ಬಾಲದಲ್ಲಿ ಇರುವ ಅಕ್ಷರ ಅಂಕಿಗಳ ಸಮೇತ, ಒಂದು ಕಾಲಂ ಇಡಬೇಕು.